ಎಂಟನೆಯ ನಟ್ಟು

ಏಳು ಬಂದವು, ಒಂದೊಂದೂ ಒಂದೊಂದು ಬಗೆಯಲ್ಲಿ:
ಮೊದಲನೆಯದು ಕೇಳಿದ ಕೂಡಲೇ, ಎರಡು ಗೊಣಗಿ,
ಒಂದು ಮೇಣದ ಬತ್ತಿ ಕರಗಿಸಿ ಕುಡಿಸಿದ ಮೇಲೆ,
ಉಳಿದವು ಬೆಂಕಿ ತೋರಿಸಿ, ತಣ್ಣೀರು ತೋರಿಸಿ,
ಮತ್ತೆ ಬೆಂಕಿ ತೋರಿಸಿ.

ಎಂಟನೆಯದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಕೆಮಿ ಊರಿನ ಏಪ್ರಿಲ್. ಸಮುದ್ರ ಇನ್ನೂ ಹೆಪ್ಪುಗಟ್ಟಿದೆ.
ಗ್ಯಾರೇಜಿನ ಹೀಟರಿಗೆ ನನ್ನ ಬೆನ್ನೊಂದೇ ಗೊತ್ತು,
ಮೂಗಿನ ತುದಿ ಇನ್ನೂ ಫೆಬ್ರವರಿಯಲ್ಲಿದೆ.
ಎಂಬತ್ತೆಂಟರ ವೋಲ್ವೊ, ಇಟ್ಟಿಗೆಯಂಥ ಕಾರು,
ಮೂವತ್ತಾರು ಚಳಿಗಾಲ ರಸ್ತೆಯ ಉಪ್ಪು ತಿಂದಿದೆ.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕು.
ಕುಡಿದಿದೆ. ತುಕ್ಕು ಹಿಡಿದಿದೆ.

ಇದಕ್ಕೆ ಟರ್ಬೊ ಕೂರಿಸಬೇಕು ಅಂತ ನನ್ನ ಹಟ.
ಅರವತ್ತಮೂರನೇ ವಯಸ್ಸಿಗೆ ಯಾಕೆ ಇದೆಲ್ಲ, ಅಂದಳು ಅಂಚೆಯ ಹೆಲ್ಮಿ.
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದೆ,
ಹಿಂದೆ ನಲವತ್ತು ಮಕ್ಕಳ ಗಲಾಟೆ,
ಮುಂದೆ ಅರವತ್ತು ದಾಟದ ಮುಳ್ಳು.
ಹೆಲ್ಮಿಗೆ ಏನು ಹೇಳಲಿ. ಕಾಲಿಗೂ ಒಂದು ಆಸೆ ಇರುತ್ತದೆ.

ಹದಿಮೂರರ ಸ್ಪ್ಯಾನರು ಜಾರಿತು.
ಜಾರಿದ್ದು ಒಮ್ಮೆಯೇ; ಆರು ಮೂಲೆಯೂ ಸವೆದು
ನಟ್ಟು ಈಗ ಹೊಳೆಯ ಕಲ್ಲಿನಷ್ಟು ನುಣುಪು,
ಹಿಡಿಯಲು ಏನೂ ಕೊಡದ ಮುಖ.
ಗೆಣ್ಣಿನ ಚರ್ಮ ಮ್ಯಾನಿಫೋಲ್ಡಿನ ಮೇಲೇ ಉಳಿಯಿತು.
ಮೊಂಡಾದದ್ದು ಅದು, ಮೊಂಡು ಹಿಡಿದದ್ದು ನಾನು;
ಒಂದು ತಿರುಪಿನ ಮುಂದೆ ತಿರುಪೆಗೆ ಬಂದವಳ ಹಾಗೆ
ಎಣ್ಣೆ ಡಬ್ಬಿ ಹಿಡಿದು ನಿಂತೆ.
ಆಮೇಲೆ ಬೈದೆ. ಬಿಗಿದವನನ್ನು ಬೈದೆ:
ಟೋರ್ನಿಯೊದ ಆ ಮೆಕ್ಯಾನಿಕ್ಕು, ಕೂಲಿ ಹೆಚ್ಚು ಕೇಳುವ ಕಳ್ಳ,
ಕೈಯಲ್ಲಿ ಬಿಗಿಯುವುದನ್ನು ಕಾಲಲ್ಲಿ ಬಿಗಿದಿದ್ದಾನೆ,
ಅವನಿಗೆ ಬೆಳಗಿನ ಗಂಜಿಯೂ ದಕ್ಕದಿರಲಿ.

ರಾತ್ರಿ ಹತ್ತಕ್ಕೂ ಸುತ್ತಿಗೆ. ಬಾಗಿಲಲ್ಲಿ ಅರ್ವೊ.
ಆರು ಚಳಿಗಾಲದಿಂದ ಮಾತಿಲ್ಲ ನಮಗೆ.
ಬಾಚಿದ ಹಿಮ ಯಾರ ಅಂಗಳಕ್ಕೆ ಬಿತ್ತು ಅನ್ನುವ ಜಗಳ;
ಹಿಮ ಪ್ರತಿ ಮೇ ತಿಂಗಳೂ ಕರಗಿತು, ಇದು ಕರಗಲಿಲ್ಲ.
ಗದ್ದಲಕ್ಕೆ ಬೈಯಲು ಬಂದವನು
ನನ್ನ ಟಾರ್ಚು ಕಸಿದುಕೊಂಡು ಬಗ್ಗಿ ನೋಡಿದ.
ಹೂಂ, ಅಂದ. ಹೋದ.
ಕಾಲಲ್ಲಿ ಒದ್ದು ನೂಕುವ ಜಾರುಬಂಡಿಯ ಮೇಲೆ
ವೆಲ್ಡಿಂಗ್ ಮೆಷಿನ್ನು ಹೇರಿಕೊಂಡು ಮರಳಿದ.

ಸವೆದ ನಟ್ಟಿನ ಮೇಲೆ ದೊಡ್ಡದೊಂದು ನಟ್ಟು ಕೂರಿಸಿ
ಅದರ ಬಾಯಿಗೆ ಬೆಳಕು ಸುರಿದ.
ನಾನು ಗೋಡೆಯ ಕಡೆ ತಿರುಗಿದೆ. ಅಲ್ಲಿ ನಮ್ಮಿಬ್ಬರ ನೆರಳು
ಒಂದರ ಮೇಲೊಂದು ಬಿದ್ದು ನಡುಗುತ್ತಿತ್ತು.
ಕೆಂಪು ಆರುವ ತನಕ ಕಾಯಬೇಕು. ಕಾದೆವು.
ಅಷ್ಟು ಹೊತ್ತಿನಲ್ಲಿ ಅವನು ಆಡಿದ್ದು ಇಷ್ಟೇ:
ಮೊದಲು ಬಿಗಿಯುವ ಕಡೆಗೇ, ಕೂದಲೆಳೆಯಷ್ಟು. ಆಮೇಲೆ ಬಿಚ್ಚು.

ಟಕ್.

ಮುರಿದ ಸದ್ದೋ ಬಿಟ್ಟ ಸದ್ದೋ ತಿಳಿಯದೆ
ಇಬ್ಬರೂ ಉಸಿರು ಹಿಡಿದೆವು.
ಬಿಟ್ಟಿತ್ತು. ಸ್ಟಡ್ಡಿನ ಸಮೇತ ಕಿರುಚುತ್ತಾ ಬಂತು,
ಕೊರಳಲ್ಲೊಂದು ವಾಷರು ಹಾಕಿಕೊಂಡು.
ದುಂಡಗಿಲ್ಲ, ಐದು ಮೂಲೆ,
ಕಾಫಿ ಡಬ್ಬಿಯ ಮುಚ್ಚಳದಿಂದ ಕತ್ತರಿಸಿದ್ದು.
ಅಷ್ಟು ಸೊಟ್ಟಗೆ ಕತ್ತರಿಸುವ ಕೈ ಈ ಊರಲ್ಲಿ ಒಂದೇ.

ಎರಡು ಸಾವಿರದ ಒಂದು. ವಾಷರು ಒಂದು ಕಡಿಮೆ ಬಿದ್ದಿತ್ತು.
ಸ್ಪ್ಯಾನರಿಗೆ ಕೊಳವೆ ತೊಡಿಸಿ, ಮೈಭಾರವೆಲ್ಲ ಹಾಕಿ,
ಹಲ್ಲು ಕಚ್ಚಿ ಬಿಗಿದಿದ್ದೆ. ಯಾರ ಮೇಲಿನ ಸಿಟ್ಟೋ.
ಸಿಟ್ಟು ಇಲ್ಲಿ ಭದ್ರವಾಗಿತ್ತು, ಹೆಸರು ಉದುರಿಹೋಗಿದೆ.

ಅರ್ವೊ ವಾಷರನ್ನು ಟಾರ್ಚಿಗೆ ಹಿಡಿದು ನೋಡಿದ,
ನನ್ನನ್ನು ನೋಡಿದ, ಏನೂ ಅನ್ನಲಿಲ್ಲ.
ಮೀಸೆ ಮಾತ್ರ ಏನೋ ಅಂದಿತು.
ಟೋರ್ನಿಯೊದವನ ಗಂಜಿಯನ್ನು ಮನಸ್ಸಿನಲ್ಲೇ ವಾಪಸು ಕೊಟ್ಟೆ.

ಈಗ ಹೊಸ ಸ್ಟಡ್ಡು. ತಾಮ್ರದ ಗ್ರೀಸನ್ನು ಬೆರಳಲ್ಲಿ ತೆಗೆದು
ಸುರುಳಿ ಸುರುಳಿಗೂ ಹಚ್ಚುತ್ತಿದ್ದೇನೆ.
ಇದನ್ನು ಮತ್ತೆ ಯಾರು ಬಿಚ್ಚುತ್ತಾರೆ, ಅಂದ ಅರ್ವೊ.
ಟಾರ್ಕ್ ಸ್ಪ್ಯಾನರು ಕ್ಲಿಕ್ ಅಂತು.
ಕೈ ಇನ್ನೂ ಕಾಲು ಸುತ್ತು ಕೇಳಿತು.
ಕೊಡಲಿಲ್ಲ.