ಹಿತ್ತಾಳೆ ಬಿಲ್ಲೆ

ಈಗಲೂ ವಾರಕ್ಕೆರಡು ಕಾಗದ ಬರುತ್ತವೆ,
ಒರೆಗಾನಿನಿಂದ, ಮೇಯ್ನ್‌ನಿಂದ, ಒಮ್ಮೆ ಟಾಸ್ಮೇನಿಯಾದಿಂದ:
"ಅಜ್ಜನ ಶೆಡ್ಡಿನಲ್ಲಿ ಸಿಕ್ಕಿತು, ಹಸಿರು ಬಣ್ಣ,
ಹಿತ್ತಾಳೆ ಬಿಲ್ಲೆಯ ಮೇಲೆ ೩೪೧೨ ಅಂತಿದೆ.
ಇದಕ್ಕೆ ವಯಸ್ಸೆಷ್ಟು?"

ಕನ್ನಡಕ ಒರೆಸಿ ದಪ್ಪ ಕಡತ ಬಿಚ್ಚುತ್ತೇನೆ.
ಕಾರ್ಡಿನಲ್ಲಿ ಮೂರೇ ಸಾಲು:
ಮೂವತ್ತೊಂದನೇ ಇಸವಿ, ಮಾರ್ಚ್.
ಎರಡೂವರೆ ಕುದುರೆಯ ಬಲ.
ಎಣ್ಣೆ ಧಾರಾಳ ಹಾಕಿ, ಹಗ್ಗ ಜೋರಾಗಿ ಎಳೆಯಿರಿ, ಬೈಯಬೇಡಿ.
ಇಂತಿ ಆರ್ಡಿಸ್ ಕ್ವಾಮೆ, ವಿಸ್ಕಾನ್ಸಿನ್.

ಎಂಗೆಬ್ರೆಟ್ ಟ್ವೈಟ್ ನಾರ್ವೆಯಿಂದ ತಂದದ್ದು
ಒಂದು ಉಳಿ, ಒಂದು ಕೆಮ್ಮು.
ಭಾನುವಾರ ಮಿಲ್ವಾಕಿಯ ರೈಲಿಳಿದು
ಗುಮಾಸ್ತರು, ಕಟುಕರು, ಅವರ ಟೋಪಿಯ ಹೆಂಡಿರು
ಅವನ ದೋಣಿ ಬಾಡಿಗೆಗೆ ಹಿಡಿದು
ನಡುನೀರಿಗೆ ಹೋಗುತ್ತಲೇ ಹುಟ್ಟು ಹಾಕಲಾರದೆ ಕೂಗುತ್ತಿದ್ದರು.
ಪ್ರತಿ ಸಂಜೆ ಅವರನ್ನು ಎಳೆದು ತಂದು ತಂದು
ಸಾಕಾಗಿ ಎಂಜಿನ್ನು ಮಾಡಿದ.

ಮೊದಲನೆಯದು ಶುರುವಾಯಿತು. ಗುಡುಗಿತು.
ತಿರುಪು ಸಡಿಲಿ, ದೋಣಿಯನ್ನು ಅಲ್ಲೇ ಬಿಟ್ಟು
ತಾನೊಂದೇ ಸರೋವರಕ್ಕೆ ಹಾರಿತು.
ಕಡತದ ಮೊದಲ ಸಾಲು ಅವನದೇ ಅಕ್ಷರ:
ನಂಬರು ಒಂದು. ಗಿರಾಕಿ: ನೀರು.

ಯುದ್ಧದ ಪುಟಗಳಲ್ಲಿ ಊರಿನ ಹೆಸರಿಲ್ಲ,
ಬಣ್ಣ ಬೂದು, ಗಿರಾಕಿ ಬರೀ "ಸರ್ಕಾರ".
ಆಮೇಲೆ ಬಂದವಳು ನಾನು, ಹತ್ತೊಂಬತ್ತು ತುಂಬಿರಲಿಲ್ಲ.
ಒಂದು ಸುತ್ತಿಗೆ, ಉಕ್ಕಿನ ಹತ್ತು ಅಂಕಿ.
ಏಳರ ಅಚ್ಚು ತುಸು ಸೊಟ್ಟ.
ಸೊಟ್ಟ ಏಳು ಕಂಡರೆ ಅದು ನನ್ನ ಕೈ.

ಆಗ ಎಲ್ಲರಿಗೂ ದೋಣಿ ಬೇಕಿತ್ತು.
ಕಾರಿನ ಹಿಂದೆ ಕಟ್ಟಿಕೊಂಡು ಹೋಗುವಂಥದು,
ಕಾರಿಗಿರುವ ಹಾಗೆಯೇ ಅದಕ್ಕೂ ರೆಕ್ಕೆ.
ಕ್ಯಾಸಿಮಿರ್ ಪುಹಾಲ್ಸ್ಕಿ ಓಕ್ ಹಲಗೆಯನ್ನು
ಹಬೆಯಲ್ಲಿ ಬೇಯಿಸಿ ಮಗುವಿನ ತೋಳಿನಂತೆ ಬಗ್ಗಿಸುತ್ತಿದ್ದ.
ಅವನ ಕೈಗೇ ಕೊಟ್ಟರು ಫೈಬರ್ ಗ್ಲಾಸಿನ ಡಬ್ಬ, ಮೂಗಿಗೆ ಬಟ್ಟೆ.
"ಮರಕ್ಕೊಂದು ಹಟ ಇತ್ತು ಆರ್ಡಿಸ್,
ಇದು ಗಂಜಿ, ಸುರಿದ ಪಾತ್ರೆಯ ಆಕಾರ" ಅಂದ.
ಮತ್ತೆ ಆ ಮಾತೆತ್ತಲಿಲ್ಲ.

ನಮ್ಮನ್ನು ಕೊಂಡವರು ಬೌಲಿಂಗ್ ಚೆಂಡು ಮಾಡುವವರು.
ಅವರನ್ನು ಕೊಂಡವರು ಹುಲ್ಲು ಕತ್ತರಿಸುವ ಯಂತ್ರದವರು.
ಆಮೇಲೆ ಯಾರೋ, ಸಂಬಳದ ಲಕೋಟೆಯಲ್ಲಷ್ಟೇ ತಿಳಿಯುತ್ತಿತ್ತು.
ಎಪ್ಪತ್ತೆರಡರ ಅಕ್ಟೋಬರ್, ೬೧೨೭೬.
ಅದರ ಕೆಳಗೆ ನಾನೇ ಗೆರೆ ಎಳೆದೆ.
ಕಡತ ಕಸದ ತೊಟ್ಟಿಗೆ ಬಿದ್ದಿತ್ತು,
ಹಿಮ ಶುರುವಾಗುವ ಮೊದಲು ಎತ್ತಿ ತಂದೆ. ಕಳವು ಅನ್ನಿ ಬೇಕಾದರೆ.

ಹೋದ ಜುಲೈಯಲ್ಲಿ ಅಂಗಳಕ್ಕೊಂದು ಟ್ರಕ್ಕು.
ಇಳಿದವಳ ಗದ್ದ ಎಲ್ಲೋ ನೋಡಿದ್ದು.
ಹಿಂದೆ ಕಂಬಳಿ ಹೊದ್ದ ಎಂಜಿನ್ನು,
ಬಿಲ್ಲೆಯ ಮೇಲೆ ೬೧೨೭೭.

ಅಂಥದ್ದಿಲ್ಲ ಅಂದೆ. ಇದೆಯಲ್ಲ ಅಂದಳು.
ಎರಡು ಏಳೂ ಸೊಟ್ಟ.
ನಾನು ಹೊಡೆದದ್ದಲ್ಲ.
"ಅಪ್ಪ ಗುಜರಿಯಲ್ಲಿ ಎಲ್ಲ ತೂಕಕ್ಕೆ ಕೊಂಡಿದ್ದ,
ಅಂಕಿಗಳ ಪೆಟ್ಟಿಗೆ ಸಮೇತ.
ನೆಲಮಾಳಿಗೆಯಲ್ಲಿ ಎಷ್ಟೋ ಚಳಿಗಾಲ."
ಕಂಬಳಿ ಪೂರ್ತಿ ಸರಿಸಿದಳು. ಹೊದಿಕೆ ತಗಡಲ್ಲ,
ಹಬೆಯಲ್ಲಿ ಬಗ್ಗಿಸಿದ ಓಕ್,
ಒಂದೂ ಬಿರುಕಿಲ್ಲ.

ಗೆರೆಯ ಕೆಳಗೆ ಬರೆದೆ. ಶಾಯಿ ಬೇರೆ, ಕೈ ಸ್ವಲ್ಪ ನಡುಗಿತು.
ಗಿರಾಕಿ: ಮಗಳು.
ಹೊರಡುವಾಗ ಹೇಳಿದೆ,
ತಿರುಪು ಎರಡೆರಡು ಸಲ ಬಿಗಿ ಮಾಡು ತಾಯಿ,
ಈ ಜಾತಿಯದಕ್ಕೆ ಹಾರುವ ಚಾಳಿ ಉಂಟು.