ಹಿಡಿ ಮರಳು

ಉದ್ಯಮಬಾಗದ ನಮ್ಮ ತರಬೇತಿ ಕೇಂದ್ರದ ಮಹಡಿಯಲ್ಲಿ
ಇಪ್ಪತ್ತೆರಡು ಮಂದಿ ಕೂತಿದ್ದೆವು, ಕೊರಳಿಗೆ ನಮ್ಮ ನಮ್ಮ ಹೆಸರು ತೂಗಿಕೊಂಡು.
ಬಾಗಿಲಿಗೆ ಬ್ಯಾನರು: ಶಿಶಿಕ್ಷು ಪದ್ಧತಿಯ ಆಧುನೀಕರಣ.
“ಶಿಶಿಕ್ಷು ಅಂದ್ರ ಯಾರ್ರಿ?” ಚಹಾದ ಹುಡುಗ ಕೇಳಿದ.
“ನೀನಽ” ಅಂದೆ. ನಕ್ಕು ಲೋಟ ಎಣಿಸಿದ.

ವಿಜಯಪುರದ ಮಹಜಬೀನ ಇನಾಮದಾರ ಮೇಡಂ
ಪರದೆಯ ಮೇಲೆ ಲೇತ್ ಓಡಿಸಿ ತೋರಿಸಿದರು.
ಎಣ್ಣೆಯಿಲ್ಲ, ಕಾದ ಕಬ್ಬಿಣದ ವಾಸನೆಯಿಲ್ಲ,
ಹುಡುಗ ತಪ್ಪಿದರೆ ಕೆಂಪಕ್ಷರ ಮಿನುಗುತ್ತದೆ,
ಬೆರಳು ಉಳಿಯುತ್ತದೆ.
ಮೇಜಿನ ಕೆಳಗೆ ನಾನು
ನನ್ನ ಎಡಗೈಯ ಮೋಟು ಬೆರಳನ್ನು ಮುಟ್ಟಿಕೊಂಡೆ.

ಮುಧೋಳದ ಕಲ್ಮೇಶ ಬಡಕುಂದ್ರಿ ಆರು ತಿಂಗಳು ಸಾಕೆಂದ.
ಇನ್ಯಾರೋ ಒಂದು ವರ್ಷ ಅಂದರು, ಮೇಲೊಂದು ಪರೀಕ್ಷೆ.
ಕಾರ್ಖಾನೆಯವರ ಪರ ಬಂದಾತ ಗಡಿಯಾರ ನೋಡುತ್ತ,
“ಎಷ್ಟನೇ ದಿನಕ್ಕೆ ಎರಕ ಹೊಯ್ತಾರ, ಅಷ್ಟು ಹೇಳ್ರಿ.”

ಆಗ ಎದ್ದರು ಸಾತೇರಿ ಲೋಹಾರ, ನನ್ನ ಉಸ್ತಾದರು.
ವಯಸ್ಸು ಎಪ್ಪತ್ತೊಂದು. ಕೊರಳಲ್ಲಿ ‘ಸಂಪನ್ಮೂಲ ವ್ಯಕ್ತಿ’.
ಊಟದ ಡಬ್ಬಿ ತೆರೆದರು. ರೊಟ್ಟಿ ಇರಬೇಕು ಅಂದುಕೊಂಡೆವು.
ಕರಿ ಮರಳು.
ಬಿಳಿ ಮೇಜುಬಟ್ಟೆಯ ಮೇಲೆ ಬೋರಲು ಹಾಕಿದರು.

“ಒಬ್ಬೊಬ್ರು ಹಿಡೀರಿ. ಮುಷ್ಟಿ ಕಟ್ರಿ. ಬಿಚ್ರಿ.
ಈಗ ನಡುವ ಮುರೀರಿ.
ಅಂಚು ಉದುರಿದ್ರ ನೀರು ಕಡಿಮಿ,
ಅಂಗೈಗೆ ಮೆತ್ತಿದ್ರ ಹೆಚ್ಚು.
ನಿಮ್ಮ ಬೆರಳಿನ ಗೆರಿ ಅದರ ಮ್ಯಾಲ ಮೂಡ್ತಂದ್ರ
ಹೂಂ, ಅಚ್ಚಿಗೆ ಆತು.”

ಇಸ್ತ್ರಿ ಮಾಡಿದ ತೋಳು ಮಡಚಿ
ಡಾಕ್ಟರೇಟ್ ಪಡೆದವರೆಲ್ಲ ಮರಳು ಹಿಚುಕಿದರು,
ನಂದು ಮೂಡೇತಿ ನೋಡ್ರಿ, ನಂದು ಮೂಡೇತಿ.

ಹನ್ನೊಂದು ವರ್ಷ ನಾನವರ ಕೈಕೆಳಗಿದ್ದೆ.
ಈ ನಾಲ್ಕು ಮಾತು ಒಂದು ದಿನ ಹೇಳಲಿಲ್ಲ.
ಚಹಾ ತರಲಿಕ್ಕೆ ಎರಡು ವರ್ಷ, ಜರಡಿ ಹಿಡಿಯಲಿಕ್ಕೆ ಎರಡು,
ಅಚ್ಚು ಕುಸಿದರೆ ಸಲಿಕೆಯ ಹಿಡಿ ಬೆನ್ನ ಮೇಲೆ.
ಅವರು ಗೋಡೆಗೆ ಮುಖ ತಿರುವಿ ಹದ ನೋಡುವಾಗ
ಕಂಬದ ಮರೆಯಿಂದ ಕದ್ದು ಕಲಿತೆ,
ಕದ್ದದ್ದೂ ಅರ್ಧ.
ಉಳಿದರ್ಧಕ್ಕೆ ಎಷ್ಟು ಪಂಪಿನ ಕವಚಗಳು
ಮೈತುಂಬ ತೂತು ಬಿದ್ದು ತಿರುಗಿ ಕುಲುಮೆಗೆ ಹೋದವೋ!

ಎದ್ದು ನಿಂತು ಕೇಳಿಯೇಬಿಟ್ಟೆ:
“ಉಸ್ತಾದ, ಇದನ್ನ ನನಗ್ಯಾಕ ಹೇಳ್ಲಿಲ್ಲ?”

ಅವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು.
“ಹೇಳಿದ್ರ ನನ್ನ ಕೆಲಸ ನಿನಗ ಹೋಗ್ತಿತ್ತಲ್ಲೋ.
ಮನ್ಯಾಗ ಏಳು ಮಂದಿ ಉಣ್ಣಾವ್ರು.”

ಫ್ಯಾನು ತಿರುಗುವ ಸದ್ದು.
ನಡಾವಳಿ ಬರೆಯುತ್ತಿದ್ದ ಹುಡುಗಿ ಪೆನ್ನೆತ್ತಿ,
“ಇದನ್ನೂ ಬರೀಬೇಕೇನ್ರಿ?”
ಯಾರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಹಿಂದಿನ ಸಾಲಿನಿಂದ ಹೋದ ವರ್ಷದ ನಮ್ಮ ವಿದ್ಯಾರ್ಥಿನಿ,
ಲಗಮವ್ವ ಹಂಚಿನಮನಿ, ಅಂಗೈಯಗಲದ ಯಂತ್ರ ತಂದಳು,
ಚಿಟಿಕೆ ಮರಳು ಹಾಕಿ ಒತ್ತಿದಳು.
“ಅಜ್ಜಾರ, ನಾಲ್ಕೂವರಿ ತೋರಸ್ತೈತಿ. ನೀರು ಹೆಚ್ಚಾತು.”
ಸಭೆ ಉಸಿರು ಹಿಡಿಯಿತು.
ಉಸ್ತಾದರು ಮತ್ತೊಮ್ಮೆ ಹಿಡಿದರು, ಮುರಿದರು,
ಅಂಗೈ ನೋಡಿಕೊಂಡರು ಬಹಳ ಹೊತ್ತು.
“ಖರೇ ಐತಿ. ಬಸ್ಸಿನ್ಯಾಗ ಒಣಗಬಾರದಂತ
ಹತ್ತೂ ಮುಂದ ಒಂದು ಬೊಗಸಿ ಚಿಮುಕಿಸಿದ್ದೆ.”
ಆಮೇಲೆ, ತಗ್ಗಿದ ದನಿಯಲ್ಲಿ:
“ಎಷ್ಟವ್ವ ಇದಕ್ಕ? ಕಂತಿನ ಮ್ಯಾಲ ಕೊಡ್ತಾರೇನು?”

ಊಟಕ್ಕೆ ಕುಂದಾ ಇತ್ತು. ನಿರ್ಣಯ ಆಗಲಿಲ್ಲ.
ಮುಂದಿನ ಸಭೆ ಬಾಗಲಕೋಟೆಯಲ್ಲಂತೆ, ದಿನಾಂಕ ತಿಳಿಸುತ್ತಾರಂತೆ.
ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ,
ಹಾಗೇ ಹೋಗಿ ಭತ್ಯೆಯ ಪಟ್ಟಿಗೆ ಸಹಿ ಹಾಕಿದೆವು.

ಕಾರಕೂನ ಹಾಳೆ ಬೆಳಕಿಗೆ ಹಿಡಿದು ಬೈದ:
“ಏನ್ರೀ ಸರ, ಇಷ್ಟೆಲ್ಲ ಓದಿದಾವ್ರು,
ಎಲ್ಲಾರೂ ಹೆಬ್ಬೆಟ್ಟು ಒತ್ತೀರಲ್ಲ!”