ಕರ್ಮಣಿ ಪ್ರಯೋಗ

ಕಾಳಿಯ ಅಳಿವೆಯಲ್ಲಿ, ಸೇತುವೆಯ ಆರನೇ ಕಂಬದ ಬಳಿ,
ಇಳಿತದ ಹೊತ್ತಿಗೆ
ನೂರಾ ನಲವತ್ತು ಕಲ್ವಗಳನ್ನು ಸಂಗ್ರಹಿಸಲಾಯಿತು.

ಯಾರಿಂದ? ಪ್ರಬಂಧ ಕೇಳುವುದಿಲ್ಲ.
ಹತ್ತು ವರ್ಷ ಈ 'ಲಾಯಿತು'ವಿನ ಹಿಂದೆ ಕೂತಿದ್ದೇನೆ,
ಮೊಣಕಾಲವರೆಗೆ ಕೆಸರು, ಅಂಗೈ ತುಂಬ ಚಿಪ್ಪಿನ ಗೀರು.
ತೂಗಲಾಯಿತು. ಬಿಚ್ಚಲಾಯಿತು. ಬಣ್ಣ ಹಾಕಿ ನೋಡಲಾಯಿತು.
ಇಷ್ಟು ನೆಮ್ಮದಿಯ ಬಿಡಾರ ಬೇರೆಲ್ಲೂ ಸಿಕ್ಕಿಲ್ಲ.

ಮನೆಯ ಕೊಂಕಣಿಯಲ್ಲಿ ನಾನು ಬಂದೆನೆನ್ನಲಿಕ್ಕೂ
ಆಯ್ಲೊಂ, ಆಯ್ಲಿಂ, ಎರಡು ಬಾಗಿಲು.
ಚಪ್ಪಲಿ ಕಳಚುತ್ತ ಸುಮ್ಮನೆ ಕೆಮ್ಮಿದ್ದೇನೆ ಎಷ್ಟೋ ಸಲ,
ಬಂದದ್ದು ಗೊತ್ತಾಗಲೆಂದು.
ಕನ್ನಡದ 'ಬಂದೆ' ಏನೂ ಕೇಳದೆ ಒಳಗೆ ಬಿಟ್ಟಿತು.
ಅದಕ್ಕೇ ಇರಬೇಕು, ಟಿಪ್ಪಣಿ ಪುಸ್ತಕ ಪೂರ್ತಿ ಕನ್ನಡ.

ಆದರೆ ನಾನು ಕೋಣೆ ದಾಟಿದ್ದೇ ತಡ, ಕನ್ನಡವೂ ಶುರು:
ಹೋದನೋ, ಹೋದಳೋ.
ಚಹಾದಲ್ಲಿ ಬಿಸ್ಕತ್ತು ಮೆತ್ತಗಾಗುವಷ್ಟರಲ್ಲಿ
ಎರಡೂ ಆಗಿ ಮುಗಿದಿರುತ್ತೇನೆ.

ಕೋಷ್ಟಕ ಮೂರು. ಗಂಡು ಐವತ್ತೆಂಟು, ಹೆಣ್ಣು ಅರವತ್ತೊಂದು,
ಅನಿರ್ಧಾರಿತ ಇಪ್ಪತ್ತೊಂದು.
ಬಾಂದೇಕರ್ ಸರ್ ನಕ್ಕರು:
'ಇವು ಇಪ್ಪತ್ತೊಂದು ನಿಮ್ಮ ಕಡೆಯವಲ್ಲವೇ?'
ಒಳ್ಳೆಯವರೇ. ರಜೆ ಕೇಳಿದರೆ ಇಲ್ಲವೆಂದವರಲ್ಲ.
ಕಲ್ವ ಮೊದಲು ಗಂಡು, ಆಮೇಲೆ ಹೆಣ್ಣು,
ನಡುವೆ ಕೆಲವು ತಿಂಗಳು ಯಾವುದೂ ಅಲ್ಲ, ನಿಜ.
ಅದಕ್ಕೆ ಪರೀಕ್ಷಾ ಡ್ಯೂಟಿಯಿಲ್ಲ.
ಮಹಡಿಯ ಶೌಚಾಲಯದ ಕೀಲಿಗೆ ಆಫೀಸಿನಲ್ಲಿ ಕೈಚಾಚಬೇಕಿಲ್ಲ.
ಅದನ್ನು ಸಾಕ್ಷಿಗೆ ಕರೆಯಲಾರೆ ಸರ್.
ಅದರ ಉಪ್ಪು ಅದಕ್ಕೆ, ನನ್ನದು ನನಗೆ.

ಅತಿಥಿ ಉಪನ್ಯಾಸಕರ ಅರ್ಜಿ: ಕುಮಾರ, ಕುಮಾರಿ, ಶ್ರೀಮತಿ.
ಕೊನೆಗೊಂದು ಚೌಕ, ಈ ವರ್ಷ ಹೊಸದು: ಇತರೆ.
ಅಂಗಡಿ ಚೀಟಿಯ ಕಡೆಯ ಸಾಲಿನ ಹಾಗೆ,
ಬೆಂಕಿಪೊಟ್ಟಣ, ಕರ್ಪೂರ, ಇತರೆ.
ಗುರುತು ಹಾಕಿದೆ. ಪೆನ್ನು ತುಸು ಹೆಚ್ಚೇ ಒತ್ತಿತು.

ನಿನ್ನೆ ಪತ್ರಿಕೆಯಿಂದ ಪರಿಶೀಲಕರ ಷರಾ:
'ಕರ್ಮಣಿ ಅತಿಯಾಯಿತು. ಕಿತ್ತವರು ಯಾರು, ಸ್ಪಷ್ಟಪಡಿಸಿ.'

ಬೆಳಿಗ್ಗೆ ಕೋಡಿಬಾಗದಲ್ಲಿ ದೋಣಿ ಇಳಿದೆ.
ಶೆವಂತಿ ತಾಂಡೇಲ, ನನ್ನಪ್ಪನಿಗೆ ಬಲೆ ಹೆಣೆದು ಕೊಡುತ್ತಿದ್ದವಳು,
ಬುಟ್ಟಿಯಿಂದ ತಲೆ ಎತ್ತದೆ ಪಕ್ಕದವಳಿಗೆ ಹೇಳಿದಳು:
'ಭುರ್ಗೆಂ ಆಯ್ಲೆಂ.'
ಮಗು ಬಂತು.
ಮೂವತ್ತಾರು ವರ್ಷದ, ಕಿವಿಯ ಬಳಿ ನರೆತ ಮಗು.
ಪ್ರೀತಿಯೋ ರೂಢಿಯೋ, ಕೇಳಲಿಲ್ಲ.
ಅವಳ ಪಕ್ಕ ಕೂತು ಒಂದಷ್ಟು ಚಿಪ್ಪು ಒಡೆದುಕೊಟ್ಟೆ.

ಮಧ್ಯಾಹ್ನ ಮೊದಲ ಸಾಲು ತಿದ್ದಿದ್ದೇನೆ:
ನಾನು ಕಿತ್ತೆ.
ಉಳಿದವು ಹಾಗೇ ಇವೆ. ಸೋಮವಾರದವರೆಗೆ ಸಮಯವಿದೆ.
ಅಂಗೈ ಉರಿಯುತ್ತಿದೆ, ಸೋಪು ತಾಗಿದ್ದಕ್ಕೆ.